ಫ್ಲೈಟ್ ಡಿಸ್ಪ್ಯಾಚರ್ ಆಗೋಕೆ ಯಾವ ದಾರಿ? ಕೋರ್ಸ್, ಗ್ರೌಂಡ್ ಕೆಲಸ, ಎಟಿಸಿ ಪರೀಕ್ಷೆ ಮೂರನ್ನೂ ನೋಡಿದ ಮೇಲೆ

ಕಲಬುರಗಿಯಲ್ಲಿ ಬಿಎಸ್ಸಿ ಮುಗಿಸಿದ ಹುಡುಗರು ಆಗಾಗ ಫೋನ್ ಮಾಡುತ್ತಾರೆ. ‘ಅಣ್ಣಾ, ಡಿಸ್ಪ್ಯಾಚರ್ ಕೋರ್ಸಿಗೆ ಸೇರಲೇನು, ಇಲ್ಲ ಏರ್‌ಪೋರ್ಟಿನಾಗ ಕೆಲಸ ಹಿಡಿಲೇನು?’ ನಾನು ಎರಡೂ ಮಾಡಿದವನು. ನಡುವೆ ಎಟಿಸಿ, ಅಂದರೆ ವಿಮಾನ ಸಂಚಾರ ನಿಯಂತ್ರಕರ ಹುದ್ದೆಯ ಪರೀಕ್ಷೆಯನ್ನೂ ಬರೆದೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದಿಡುತ್ತೇನೆ.

ಡಿಸ್ಪ್ಯಾಚರ್ ಅಂದರೆ ನೆಲದ ಮೇಲೆ ಕೂತು ಹಾರಾಟದ ಲೆಕ್ಕ ಹಾಕುವವನು. ಯಾವ ದಾರಿ, ಎಷ್ಟು ಇಂಧನ, ಎಷ್ಟು ತೂಕ, ಇಳಿಯುವ ಊರಲ್ಲಿ ಮಂಜು ಬಿದ್ದರೆ ಇನ್ನೆಲ್ಲಿ ಇಳಿಯಬೇಕು, ಇದೆಲ್ಲ ಅವನ ಮೇಜಿನ ಮೇಲೆ ತಯಾರಾಗುತ್ತದೆ. ಕ್ಯಾಪ್ಟನ್ ಅದನ್ನು ನೋಡಿ ಒಪ್ಪಿದ ಮೇಲೆ ವಿಮಾನ ಹೊರಡುತ್ತದೆ.

ಮೊದಲು ನಾನು ಹೋಗಿದ್ದು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಗೆ. ಫೀಸು, ರೂಮು, ಊಟ ಸೇರಿ ಎರಡು ಲಕ್ಷದ ಮೇಲೆ ಹೋಯಿತು. ಆ ವರ್ಷದ ತೊಗರಿ ಮಾರಿದ ದುಡ್ಡು ಅಷ್ಟೂ ಅಲ್ಲಿಗೇ ಆಯಿತು. ಪಾಠ ಕೆಟ್ಟದಾಗಿರಲಿಲ್ಲ, ಅದನ್ನು ಹೇಳಲೇಬೇಕು. ಹವಾಮಾನ ಹೇಳಿಕೊಟ್ಟ ಮೇಷ್ಟ್ರು ದಿನಾ ಬೆಳಿಗ್ಗೆ ಬೋರ್ಡ್ ಮೇಲೆ ಒಂದು ಮೆಟಾರ್ ಬರೆಯುತ್ತಿದ್ದರು. ಮೆಟಾರ್ ಅಂದರೆ ವಿಮಾನ ನಿಲ್ದಾಣದ ಆ ಹೊತ್ತಿನ ಹವಾಮಾನ ವರದಿ. ‘09006ಕೆಟಿ 0800 ಎಫ್‌ಜಿ’ ಅಂತ ಇದ್ದರೆ ಗಾಳಿ ಪೂರ್ವದಿಂದ 6 ನಾಟ್, ಕಣ್ಣಿಗೆ ಕಾಣೋದು 800 ಮೀಟರ್, ಮಂಜು. ಮೊದಲ ವಾರ ತಲೆಕೆಟ್ಟು ಹೋಗಿತ್ತು. ತಿಂಗಳಾದ ಮೇಲೆ ಪೇಪರ್ ಓದಿದ ಹಾಗೆ ಓದುತ್ತಿದ್ದೆ.

ತೊಂದರೆ ಬೇರೆ ಕಡೆ ಇತ್ತು. ಅಡ್ಮಿಷನ್ ದಿನ ‘ಕೋರ್ಸ್ ಮುಗಿದರೆ ಡಿಸ್ಪ್ಯಾಚರ್ ಆದಂತೆ’ ಅಂದಿದ್ದರು. ಹಾಗಿಲ್ಲ. ನಮ್ಮ ದೇಶದಲ್ಲಿ ಡಿಸ್ಪ್ಯಾಚರ್‌ಗೆ ಡಿಜಿಸಿಎ (ವಿಮಾನಯಾನದ ಮೇಲೆ ನಿಗಾ ಇಡುವ ಕೇಂದ್ರದ ಸಂಸ್ಥೆ) ಅಪ್ರೂವಲ್ ಸಿಗುವುದು ವಿಮಾನ ಕಂಪನಿಯ ಮೂಲಕ. ಕಂಪನಿ ಮೊದಲು ಕೆಲಸಕ್ಕೆ ತಗೋಬೇಕು, ತನ್ನ ವಿಮಾನಗಳ ಮೇಲೆ ತರಬೇತಿ ಕೊಡಬೇಕು, ಆಮೇಲೆ ಅಪ್ರೂವಲ್‌ಗೆ ಕಳಿಸಬೇಕು. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒ ಮಾನದಂಡ ನೋಡಿದರೂ ಅಷ್ಟೇ. ವಯಸ್ಸು 21 ಆಗಿರಬೇಕು, ತರಬೇತಿ ಇಲ್ಲವೇ ಅನುಭವ ಇರಬೇಕು, ಅದರ ಜೊತೆಗೆ ಅರ್ಜಿ ಹಾಕುವ ಮುಂಚಿನ ಆರು ತಿಂಗಳೊಳಗೆ ಅನುಭವಿ ಡಿಸ್ಪ್ಯಾಚರ್ ಕೈಕೆಳಗೆ 90 ದಿನ ಕೆಲಸ ಮಾಡಿರಬೇಕು. ಆ 90 ದಿನವನ್ನು ಕ್ಲಾಸ್‌ರೂಮಿನಲ್ಲಿ ಯಾರೂ ಕೊಡೋಕಾಗಲ್ಲ.

ಈ ಗೊಂದಲ ಎಲ್ಲಿಂದ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ನಾವು ನೋಡುವ ವಿಡಿಯೋಗಳು ಜಾಸ್ತಿ ಅಮೆರಿಕದವು. ಅಲ್ಲಿ ಎಫ್‌ಎಎ ಅನ್ನುವ ಸರ್ಕಾರಿ ವಿಮಾನಯಾನ ಸಂಸ್ಥೆ, ಕನಿಷ್ಠ 200 ಗಂಟೆಯ ಕೋರ್ಸ್ ಮಾಡಿ, ಪರೀಕ್ಷೆ ಪಾಸಾಗಿ, 23 ವರ್ಷ ತುಂಬಿದವರಿಗೆ ಸರ್ಟಿಫಿಕೇಟ್ ಕೊಡುತ್ತದೆ. ಅದು ಆ ವ್ಯಕ್ತಿಯ ಹೆಸರಿಗೇ ಇರುತ್ತದೆ. ಅದನ್ನು ಹಿಡಿದುಕೊಂಡು ಕೆಲಸ ಹುಡುಕಬಹುದು. ಆ ಮಾತನ್ನು ಹಾಗೇ ಇಲ್ಲಿಗೆ ತಂದರೆ ನಡೆಯೋದಿಲ್ಲ.

ನಾನು ಸರ್ಟಿಫಿಕೇಟ್ ತಗೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬಂದೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ‘ಚಲೋ ಆತು. ನೌಕರಿ ಎಲ್ಲಿ ಅದ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಟಿಸಿ ಪರೀಕ್ಷೆ ಬರೆದಿದ್ದು ಆಗ. ವಿಮಾನ ನಿಲ್ದಾಣ ಪ್ರಾಧಿಕಾರದ ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆ. ಬಿಎಸ್ಸಿಯಲ್ಲಿ ಭೌತಶಾಸ್ತ್ರ, ಗಣಿತ ಇದ್ದರೆ ಸಾಕು, ಸಾಮಾನ್ಯ ವರ್ಗಕ್ಕೆ ವಯಸ್ಸು 27ರ ತನಕ. ಆರಂಭದ ವೇತನ ಶ್ರೇಣಿ 40,000ದಿಂದ ಶುರು. ನಾನು ಬರೆದ ಸಲ 120 ಪ್ರಶ್ನೆ ಇತ್ತು, ಅರ್ಧ ಗಣಿತ ಮತ್ತು ಭೌತಶಾಸ್ತ್ರ, ತಪ್ಪಿಗೆ ಅಂಕ ಕಳೆಯುತ್ತಿರಲಿಲ್ಲ. ನಮ್ಮ ಭಾಗದವರು ಒಂದು ಮಾತು ನೆನಪಿಡಿ. ಇದು ಕೇಂದ್ರದ ಹುದ್ದೆ, ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿ ಇಲ್ಲಿ ನಡೆಯಲ್ಲ. ನನಗೆ ಕಟ್‌ಆಫ್ ದಾಟಲಿಲ್ಲ. ಆದರೂ ಕೆಲಸದ ಭದ್ರತೆ ಬೇಕು ಅನ್ನುವವರಿಗೆ ನಾನು ಮೊದಲು ಹೇಳೋದು ಇದನ್ನೇ. ಖರ್ಚು ಬರೀ ಪುಸ್ತಕದ್ದು, ತರಬೇತಿ ಅವರದ್ದೇ.

ಕೊನೆಗೆ ನಮ್ಮೂರ ಏರ್‌ಪೋರ್ಟಿಗೇ ಹೋದೆ. 2019ರ ನವೆಂಬರ್ 22ರಂದು ಅದು ಶುರುವಾದಾಗ ಶ್ರೀನಿವಾಸ ಸರಡಗಿಯ ಬೇಲಿಯ ಹೊರಗೆ ನಿಂತು ವಿಮಾನ ನೋಡಿದ್ದೆ. ಈ ಸಲ ಬೇಲಿಯ ಒಳಗೆ ಬ್ಯಾಗು ಎಣಿಸುವ ಕೆಲಸ, ಸಂಬಳ 16 ಸಾವಿರ. ಸಣ್ಣ ನಿಲ್ದಾಣ ಆಗಿದ್ದೇ ಒಳ್ಳೇದಾಯಿತು. ದೊಡ್ಡ ಊರಲ್ಲಿ ಒಬ್ಬನಿಗೆ ಒಂದೇ ಕೆಲಸ. ಇಲ್ಲಿ ಚೆಕ್‌-ಇನ್‌ನಿಂದ ಹಿಡಿದು ವಿಮಾನದ ಹೊಟ್ಟೆಗೆ ಸಾಮಾನು ತುಂಬುವ ತನಕ ಎಲ್ಲಾ ಕಣ್ಣೆದುರೇ ನಡೆಯುತ್ತಿತ್ತು.

ಒಂದು ವರ್ಷದ ಮೇಲೆ ಹೈದರಾಬಾದಿನಲ್ಲಿ ಲೋಡ್ ಅಂಡ್ ಟ್ರಿಮ್ ವಿಭಾಗಕ್ಕೆ ಸೇರಿಸಿಕೊಂಡರು. ನಾನು ಈ ಕೆಲಸ ಕಲಿತದ್ದು ಅಲ್ಲಿ. ದೊಡ್ಡವರಿಗೆ 75 ಕೆಜಿ, ಮಕ್ಕಳಿಗೆ 35, ಕೂಸಿಗೆ 10 ಅಂತ ಹಿಡಿದು, ಬ್ಯಾಗು, ಸರಕು, ಇಂಧನ ಸೇರಿಸಿ ಒಟ್ಟು ತೂಕ ತೆಗೆಯಬೇಕು. ಆ ತೂಕದ ಮಧ್ಯಬಿಂದು ವಿಮಾನ ತಯಾರಕರು ಹಾಕಿದ ಗೆರೆಗಳ ನಡುವೆಯೇ ಬರಬೇಕು. ಒಂದು ಸಂಜೆ ಈ ಲೆಕ್ಕದ ಹಾಳೆ, ಅಂದರೆ ಲೋಡ್ ಶೀಟ್ ಮುಗಿಸಿದ ಮೇಲೆ ಇಬ್ಬರು ಪ್ರಯಾಣಿಕರು ಓಡಿ ಬಂದರು. ಇಬ್ಬರಿಗೆ 150 ಕೆಜಿ, ಎರಡು ಬ್ಯಾಗಿಗೆ 27. ಹಿಂದಿನ ಸಾಲಲ್ಲಿ ಕೂರಿಸಿದರೆ ಗೆರೆ ದಾಟುತ್ತಿತ್ತು. ಮುಂದೆ ಕೂರಿಸಿ, ಶೀಟಿನಲ್ಲಿ ಕೊನೇ ಗಳಿಗೆಯ ಬದಲಾವಣೆ ಬರೆದು, ಕ್ಯಾಪ್ಟನ್‌ಗೆ ತೋರಿಸಿ ಸಹಿ ಮಾಡಿಸಿದೆ. ಬೆವರು ಆರಿದ್ದು ವಿಮಾನ ನೆಲ ಬಿಟ್ಟ ಮೇಲೆ.

ವಿಮಾನ ಕಂಪನಿಯ ಟ್ರೈನಿ ಸಂದರ್ಶನಕ್ಕೆ ಕರೆ ಬಂದದ್ದು ಈ ಅನುಭವದಿಂದಲೇ. ಕೋರ್ಸಿನ ಸರ್ಟಿಫಿಕೇಟನ್ನು ಅವರು ತಿರುಗಿಸಿಯೂ ನೋಡಲಿಲ್ಲ. ಒಂದೇ ಪ್ರಶ್ನೆ ನೆನಪಿದೆ. ‘ಕಲಬುರಗಿಯವರಲ್ವಾ? ಮೇ ಮಧ್ಯಾಹ್ನ 43 ಡಿಗ್ರಿ. ವಿಮಾನಕ್ಕೆ ಏನಾಗುತ್ತೆ?’

ಹಾಳೆ ತಗೊಂಡು ಬರೆದೆ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 1,500 ಅಡಿ. ಆ ಎತ್ತರಕ್ಕೆ ವಿಮಾನದ ಲೆಕ್ಕದಲ್ಲಿ ಹಿಡಿಯುವ ಮಾದರಿ ತಾಪಮಾನ 12 ಡಿಗ್ರಿ. 31 ಡಿಗ್ರಿ ಜಾಸ್ತಿ ಇದೆ. ಒಂದು ಡಿಗ್ರಿ ಬಿಸಿ 120 ಅಡಿ ಎತ್ತರಕ್ಕೆ ಸಮ ಅಂತ ಹಿಡಿದರೆ 3,720. ಎರಡೂ ಕೂಡಿಸಿದರೆ ಸುಮಾರು 5,200 ಅಡಿ. ಅಂದರೆ ಸರಡಗಿಯಲ್ಲಿ ನಿಂತ ವಿಮಾನಕ್ಕೆ ಸಿಗೋದು 5,200 ಅಡಿ ಮೇಲಿನ ತೆಳು ಗಾಳಿ. ಓಟ ಉದ್ದ ಆಗುತ್ತದೆ, ಏರೋದು ನಿಧಾನ ಆಗುತ್ತದೆ. ‘ನಿಮ್ಮ ರನ್‌ವೇ 3 ಕಿಲೋಮೀಟರಿಗಿಂತ ಉದ್ದ ಇದೆಯಲ್ಲ?’ ಅಂದರು. ‘ಓಟಕ್ಕೆ ಜಾಗ ಇದೆ ಸರ್. ಒಂದು ಇಂಜಿನ್ ಕೆಟ್ಟರೆ ಏರೋಕೆ ರನ್‌ವೇ ನೆರವಾಗಲ್ಲ, ತೂಕವೇ ಇಳಿಸಬೇಕು’ ಅಂದೆ.

ಆ ಸೂತ್ರ ನನಗೆ ಕಲಿಸಿದ್ದು ಕೋರ್ಸ್, ಸುಳ್ಳು ಹೇಳಲ್ಲ. ಆದರೆ ಅದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ತೂಕ ಇಳಿಸು ಅಂದರೆ ಯಾರ ಬ್ಯಾಗು ಕೆಳಗಿಳಿಯುತ್ತದೆ ಅನ್ನೋದು ಏರ್‌ಪೋರ್ಟಿನಲ್ಲಿ ಕೆಲಸ ಮಾಡಿದ್ದರಿಂದ ಗೊತ್ತಿತ್ತು.

ಮನೆಯಲ್ಲಿ ದುಡ್ಡಿದ್ದು, ವಿಷಯ ಕ್ರಮವಾಗಿ ಕಲಿಯಬೇಕು ಅನ್ನೋರಿಗೆ ಕೋರ್ಸ್ ಆಗಬಹುದು. ಸಾಲ ಮಾಡಿ ಮಾತ್ರ ಬೇಡ. ಸೇರೋದೇ ಆದರೆ, ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ: ‘90 ದಿನ ಯಾವ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿಸ್ತೀರಿ? ಕಾಗದದ ಮೇಲೆ ಬರೆದು ಕೊಡ್ತೀರಾ?’