ಬಲೂ ತಮ್ಮ 2: ನಾಲ್ಕು ವರ್ಷ ಬ್ಯಾನರ್, ಕಾರ್ಡಿಗೆ ಬಳಸಿದ ಮೇಲೆ

ಹೆಡ್ಡಿಂಗ್ ಅಂದ್ರೆ ನನ್ನ ಕೈ ಮೊದಲು ಹೋಗೋದು ಈ ಕನ್ನಡ ಫಾಂಟ್ ಕಡೆಗೇ. ಫಾಂಟ್ ವಿನ್ಯಾಸ ಮಾಡೋ ಎಕ್ ಟೈಪ್‌ನವರು ಮಾಡಿರೋದು, ಗೂಗಲ್ ಫಾಂಟ್ಸ್‌ನಲ್ಲಿ ಫ್ರೀಯಾಗಿ ಸಿಗುತ್ತೆ, ಓಪನ್ ಲೈಸೆನ್ಸ್ ಇರೋದ್ರಿಂದ ಕಸ್ಟಮರ್ ಕೆಲಸಕ್ಕೂ ಧೈರ್ಯವಾಗಿ ಹಾಕಬಹುದು. ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ ಅಂತ ಇದರ ಜೊತೆಯವೂ ಇವೆ, ಎರಡು ಭಾಷೆ ಬೋರ್ಡ್ ಮಾಡುವಾಗ ಎರಡೂ ಅಕ್ಷರ ಒಂದೇ ಮನೆಯವ್ರ ಥರ ಕಾಣುತ್ವೆ, ಅದು ನನಗೆ ತುಂಬಾ ಇಷ್ಟ.

400ರಿಂದ 800ರವರೆಗೆ ಐದು ವೆಯ್ಟ್, ಅಂದ್ರೆ ಅಕ್ಷರದ ದಪ್ಪದ ಹಂತ, ಇದೆ; 800 ಅತಿ ದಪ್ಪ. ನಾನು ಶುರುವಿನಲ್ಲಿ 800 ಚೆನ್ನಾಗಿದೆ ಅಂತ ಇಡೀ ಇನ್ವಿಟೇಷನ್ನೇ ಅದರಲ್ಲಿ ಮಾಡಿಬಿಟ್ಟಿದ್ದೆ. ಕೆಳಗೆ ಸಣ್ಣಕ್ಕೆ 'ಧನಸಹಾಯ' ಅಂತ ಇತ್ತು, ಪ್ರಿಂಟ್ ಆಗಿ ಬಂದಾಗ ಧ ಕೆಳಗಿನ ಸೀಳು ಮುಚ್ಚಿಹೋಗಿ 'ದನಸಹಾಯ' ಆಗಿತ್ತು. ಎಲ್ಲಾ ಕಾರ್ಡೂ ಮತ್ತೆ ಹಾಕಿಸಬೇಕಾಯ್ತು. ನಮ್ಮ ಲಿಪೀಲಿ ದ-ಧ, ಪ-ಫ, ಡ-ಢ ಇವಕ್ಕೆಲ್ಲ ವ್ಯತ್ಯಾಸ ಆ ಚಿಕ್ಕ ಸೀಳೇ ತಾನೆ, ಅಕ್ಷರ ದಪ್ಪ ಆದಷ್ಟೂ ಅದಕ್ಕೆ ಜಾಗ ಕಮ್ಮಿ. ಅವತ್ತಿಂದ 800 ಅಂದ್ರೆ ದೊಡ್ಡ ಸೈಜು, ಮೂರ್ನಾಲ್ಕು ಪದ ಅಷ್ಟೇ. ಉಳಿದ ವಿವರಕ್ಕೆ ನೋಟೋ ಸ್ಯಾನ್ಸ್ ಕನ್ನಡ ಅನ್ನೋ ಫಾಂಟಿನ ರೆಗ್ಯುಲರ್. ಪಕ್ಕದಲ್ಲಿ ತೆಳು ಅಕ್ಷರ ಇದ್ದಾಗ್ಲೇ ದಪ್ಪದ್ದು ಎದ್ದು ಕಾಣೋದು.

ಇನ್ನು ಒತ್ತು. 'ಕನ್ನಡ' ಮೇಲೆ, 'ರಾಜ್ಯೋತ್ಸವ' ಕೆಳಗೆ ಇಟ್ಟು ಇಂಗ್ಲಿಷ್ ಹೆಡ್ಡಿಂಗ್ ಥರ ಲೈನ್ ಹತ್ತಿರ ತಂದ್ರೆ ನ್ನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಗುದ್ದುತ್ತೆ. ನಾನು ಒಂದೊಂದು ಸಾಲನ್ನೂ ಬೇರೆ ಟೆಕ್ಸ್ಟ್ ಬಾಕ್ಸಲ್ಲಿ ಇಟ್ಟು ಕಣ್ಣಳತೇಲಿ ಸರಿಸ್ತೀನಿ, ಟೈಮ್ ಹಿಡಿಯುತ್ತೆ ಆದ್ರೆ ಬೇರೆ ದಾರಿ ಇಲ್ಲ. ಅಕ್ಷರದ ಸುತ್ತ ಸ್ಟ್ರೋಕ್ (ಅಂಚಿನ ಗೆರೆ) ಹಾಕಿ ಇನ್ನೂ ದಪ್ಪ ಮಾಡೋದಂತೂ ಬೇಡವೇ ಬೇಡ, ಒತ್ತಿನ ಒಳಗಿನ ಖಾಲಿ ಜಾಗ ಪೂರ್ತಿ ತುಂಬಿಹೋಗುತ್ತೆ.

ಫೋಟೋಶಾಪ್ ಹಳೇ ವರ್ಷನ್ ಇದ್ರೆ ಟೈಪ್ ಸೆಟ್ಟಿಂಗಲ್ಲಿ ಸೌತ್ ಏಷ್ಯನ್ ಆಯ್ಕೆ ಮಾಡ್ಕೊಳ್ಳಿ, ಇಲ್ಲಾಂದ್ರೆ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತೆ. ಫ್ಲೆಕ್ಸ್‌ಗೆ ಕಳಿಸೋ ಮುಂಚೆ ಔಟ್‌ಲೈನ್ ಮಾಡಿ, ಅಂದ್ರೆ ಅಕ್ಷರಗಳನ್ನ ಆಕಾರಗಳಾಗಿ ಬದಲಿಸಿ.

ಸುಗ್ಗಿ ಹಬ್ಬಕ್ಕೆ, ಶಾಲೆ ವಾರ್ಷಿಕೋತ್ಸವಕ್ಕೆ, ಮಕ್ಕಳ ಕಾರ್ಯಕ್ರಮಕ್ಕೆ ಇದರ ದುಂಡುತನ ತುಂಬಾ ಒಪ್ಪುತ್ತೆ. ಶ್ರದ್ಧಾಂಜಲಿ ಬ್ಯಾನರ್‌ಗೆ ಮಾತ್ರ ನಾನು ಒಂದ್ಸಲಾನೂ ಹಾಕಿಲ್ಲ, ಹಾಕೋದೂ ಇಲ್ಲ.