ಪಂಚರ್‌ಗೆ ಸ್ಟ್ರಿಪ್ಪಾ, ಮಶ್ರೂಮಾ, ಜೆಲ್ಲಾ? ಮೂರೂ ಹಾಕಿ ನೋಡಿದ್ದಾಯ್ತು

ತುಮಕೂರಿಂದ ಪೀಣ್ಯಕ್ಕೆ ದಿನಾ ಓಡಾಡೋನು ನಾನು. ಗಾಡಿ ಹಳೇ ಗ್ರ್ಯಾಂಡ್ ಐ10, ಟೈರು 165/65 ಆರ್ 14 ಸೈಜು, ನಾಲ್ಕೂ ಟ್ಯೂಬ್‌ಲೆಸ್. ಮೂರು ವರ್ಷದಲ್ಲಿ ಐದು ಪಂಚರ್ ಆಗಿದೆ, ಆಫೀಸಲ್ಲಿ ಯಾರಿಗೆ ಪಂಚರ್ ಆದ್ರೂ ಈಗ ನನ್ನನ್ನೇ ಕೇಳ್ತಾರೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ.

ಮೊದಲನೇದು ಡಾಬಸ್‌ಪೇಟೆ ಹತ್ರ. ಪಂಚರ್ ಅಂಗಡಿ ಹುಡುಗ ಚಕ್ರ ಬಿಚ್ಚಲೇ ಇಲ್ಲ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಸಾರ್ ಅಂದ, ಮುಂದಿನ ಚಕ್ರ ಹೊರಗೆ ಬಂತು, ಸೋಪ್ ನೀರು ಸುರಿದ, ಗುಳ್ಳೆ ಎದ್ದ ಕಡೆ ಒಂದು ಸ್ಕ್ರೂ. ಪ್ಲೇಯರಲ್ಲಿ ಅದನ್ನ ಕಿತ್ತು, ಇಂಗ್ಲಿಷಿನ T ಆಕಾರದ ಹಿಡಿ ಇರೋ ಅರದಂಥ ಮುಳ್ಳು ಹಾಕಿ ತೂತನ್ನ ನಾಲ್ಕೈದು ಸಲ ಗಸಗಸ ಉಜ್ಜಿ, ಸೂಜಿ ಕಣ್ಣಿಗೆ ಕಂದು ಬಣ್ಣದ ಅಂಟಂಟು ಸ್ಟ್ರಿಪ್ ಪೋಣಿಸಿ ಒಳಗೆ ತಳ್ಳಿ ಒಂದೇ ಏಟಿಗೆ ಸೂಜಿ ಎಳೆದ. ಬಾಲ ಕತ್ತರಿಸಿ, ಗಾಳಿ ಹೊಡೆದು, ಎಂಜಲು ಹಚ್ಚಿ ನೋಡಿ ಆಯ್ತು ಅಂದ. ಹತ್ತು ನಿಮಿಷ, 150 ರೂಪಾಯಿ. ಇಷ್ಟು ಸುಲಭ ಇರೋವಾಗ ಇನ್ನೇನು ಬೇಕು ಅನ್ನಿಸ್ತು.

ನಾಲ್ಕು ತಿಂಗಳು ಏನೂ ತೊಂದ್ರೆ ಇರ್ಲಿಲ್ಲ. ಆಮೇಲೆ ಅದೇ ಟೈರಿನ ಗಾಳಿ ವಾರಕ್ಕೊಂದ್ಸಲ 33 ಪಿಎಸ್‌ಐನಿಂದ (ಗಾಳಿ ಒತ್ತಡದ ಅಳತೆ) 27ಕ್ಕೆ ಇಳಿಯೋಕೆ ಶುರುವಾಯ್ತು. ಸ್ಟ್ರಿಪ್ ಪಕ್ಕದಲ್ಲೇ ಸಣ್ಣ ಲೀಕು. ಈ ಸಲ ಊರಲ್ಲೇ ಟೈರ್ ಬಿಚ್ಚೋ ಮಷಿನ್ ಇರೋ ದೊಡ್ಡ ಅಂಗಡಿಗೆ ಹೋದೆ, ಅದೇ ತೂತಿಗೆ ಮಶ್ರೂಮ್ ಹಾಕಿಸಿದೆ. ಅಣಬೆ ಥರಾನೇ ಇರುತ್ತೆ, ಮೇಲೆ ಛತ್ರಿ, ಕೆಳಗೆ ಕಡ್ಡಿ. ಟೈರನ್ನ ಡಿಸ್ಕಿಂದ ಪೂರ್ತಿ ಬಿಚ್ಚಿ, ತೂತನ್ನ ಡ್ರಿಲ್ ಮಾಡಿ ಸಾಫ್ ಮಾಡಿ, ಒಳಗಡೆ ರಬ್ಬರನ್ನ ಗ್ರೈಂಡ್ ಮಾಡಿ, ಸಲ್ಯೂಷನ್ ಬಳಿದು ಒಣಗೋಕೆ ಬಿಟ್ರು. ಆಮೇಲೆ ಒಳಗಿಂದ ಕಡ್ಡಿ ತೂರಿಸಿ ಹೊರಗಿಂದ ಎಳೆದು, ಛತ್ರಿ ಮೇಲೆ ಸಣ್ಣ ರೋಲರ್ ಓಡಿಸಿದ್ರು. ಬ್ಯಾಲೆನ್ಸಿಂಗ್ ಸೇರಿ 450 ರೂಪಾಯಿ, ಮುಕ್ಕಾಲು ಗಂಟೆ. ಒಂದೂವರೆ ವರ್ಷ ಆಯ್ತು, ಬೇರೆ ಮೂರು ಟೈರಿಗಿಂತ ಒಂದು ಪಿಎಸ್‌ಐನೂ ಜಾಸ್ತಿ ಇಳಿದಿಲ್ಲ.

ಆದ್ರೆ ಮಶ್ರೂಮಿನ ದೊಡ್ಡ ಲಾಭ ಲೀಕ್ ಆಗಲ್ಲ ಅನ್ನೋದಲ್ಲ, ಟೈರಿನ ಒಳಗಡೆ ನೋಡೋಕೆ ಸಿಗುತ್ತೆ ಅನ್ನೋದು. ಅವತ್ತು ಪಕ್ಕದಲ್ಲಿ ಯಾರದ್ದೋ ಟೈರ್ ಬಿಚ್ಚಿದ್ರು, ಅಂಗಡಿಯವ್ರು ಬನ್ನಿ ಇಲ್ಲಿ ಅಂತ ಕರೆದು ಒಳಗೆ ಕೈಯಾಡಿಸಿ ತೋರಿಸಿದ್ರು, ಅಂಗೈ ತುಂಬ ಕರಿ ರಬ್ಬರ್ ಪುಡಿ. ಗಾಳಿ ಇಲ್ದೇ ಓಡಿಸಿದ್ದಕ್ಕೆ ಪಕ್ಕದ ಗೋಡೆ ಮಡಚಿ ಮಡಚಿ ಒಳಗೇ ಅರೆದುಹೋಗಿತ್ತು. ಹೊರಗಿಂದ ನೋಡಿದ್ರೆ ಹೊಸಾ ಟೈರ್ ಥರ ಇತ್ತು! ಸ್ಟ್ರಿಪ್ ಹಾಕೋನು ತೂತು ಮುಚ್ತಾನೆ ಅಷ್ಟೇ, ಟೈರು ಬದುಕಿದೆಯೋ ಸತ್ತಿದೆಯೋ ಅವನಿಗೆ ಕಾಣಲ್ಲ. ಗಾಳಿ ಪೂರ್ತಿ ಹೋದ್ಮೇಲೂ ಅಂಗಡಿ ಹುಡುಕ್ಕೊಂಡು ಒಂದೆರಡು ಕಿಲೋಮೀಟರ್ ಉರುಳಿಸಿದ್ರೆ ಬಿಚ್ಚಿಸದೆ ಬಿಡಬೇಡಿ.

ಎರಡನೇ ಪಂಚರಿನ ಕಥೆ ಚಿಕ್ಕದು. ಹೈವೇ ಪಕ್ಕದ ಒಂದು ಅಂಗಡಿ, ಟೀ ಕುಡಿದು ಬರೋಷ್ಟರಲ್ಲಿ ಒಂದು ತೂತು ನಾಲ್ಕಾಗಿತ್ತು, ನಾಲ್ಕು ಸ್ಟ್ರಿಪ್, 600 ರೂಪಾಯಿ. ಅವತ್ತಿಂದ ಸೋಪ್ ನೀರು ಸುರಿಯೋವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಗುಳ್ಳೆ ಎಣಿಸ್ತೀನಿ.

ಜೆಲ್ ಅಂದ್ರೆ ಟೈರಿನೊಳಗೆ ಮೊದಲೇ ಸುರಿದಿಡೋ ಅಂಟು ದ್ರವ, ತೂತಾದ್ರೆ ತಾನೇ ಹೋಗಿ ಮುಚ್ಚುತ್ತೆ, ಅದು ನಮ್ಮ ಬಾಮೈದನ ಐಡಿಯಾ. ಭಾವಾ, ಒಂದ್ಸಲ ಹಾಕ್ಬಿಡಿ, ಪಂಚರ್ ಅನ್ನೋ ಮಾತೇ ಇರಲ್ಲ ಅಂದ. ವಾಲ್ವ್ ಪಿನ್ ಬಿಚ್ಚಿ ಹಿಂದಿನ ಎರಡಕ್ಕೂ ಸುರಿದ್ವಿ. ಸುಳ್ಳು ಹೇಳಬಾರ್ದು, ಕೆಲಸ ಮಾಡ್ತು, ಒಂದು ಮೊಳೆ ಹೊಕ್ಕಿದ್ದು ನನಗೆ ಗೊತ್ತಾಗಿದ್ದೇ ಗಾಡಿ ತೊಳೆಯೋವಾಗ. ಆದ್ರೆ ದಸರಾ ರಜೆಯಲ್ಲಿ ಐದು ದಿನ ನಿಲ್ಲಿಸಿದ್ದ ಗಾಡಿ ತೆಗೆದ್ರೆ 70ರ ಮೇಲೆ ಹಿಂದಗಡೆ ಗಡಗಡ, ಜೆಲ್ಲೆಲ್ಲ ಕೆಳಗೆ ಒಂದೇ ಕಡೆ ಇಳಿದು ಕೂತಿತ್ತು, ಸುಮಾರು ದೂರ ಓಡಿಸಿದ್ಮೇಲೆ ಸರಿಹೋಯ್ತು. ಗಾಳಿ ಚೆಕ್ ಮಾಡೋಣ ಅಂದ್ರೆ ವಾಲ್ವ್ ಬಾಯಲ್ಲೂ ಅದೇ ಅಂಟು, ಗೇಜು ಒಂದೊಂದ್ಸಲ ಒಂದೊಂದು ತೋರಿಸುತ್ತೆ. ಕೊನೆಗೆ ಆ ಮೊಳೆ ತೂತಿಗೆ ಮಶ್ರೂಮ್ ಹಾಕಿಸೋಕೆ ಹೋದಾಗ ಅಂಗಡಿಯವ್ರ ಮುಖ ನೋಡ್ಬೇಕಿತ್ತು. ಒಳಗೆಲ್ಲ ಹಸಿರು ಲೋಳೆ, ಒರೆಸದೆ ಸಲ್ಯೂಷನ್ ಹಿಡಿಯಲ್ಲ, ತೊಳೆಯೋದಕ್ಕೇ 200 ರೂಪಾಯಿ ಎಕ್ಸ್‌ಟ್ರಾ. ಚಕ್ರದ ಒಳಗೆ ಪ್ರೆಶರ್ ಸೆನ್ಸರ್ ಇರೋ ಗಾಡಿಯವ್ರು ಹಾಕೋಕೆ ಮುಂಚೆ ಇನ್ನೂ ನಾಲ್ಕು ಸಲ ಯೋಚ್ನೆ ಮಾಡಿ, ಅದಕ್ಕೂ ಈ ಲೋಳೆ ಮೆತ್ತಿಕೊಳ್ಳುತ್ತೆ. ನಾನಂತೂ ಇನ್ನು ಹಾಕಲ್ಲ.

ಇದೆಲ್ಲ ಆದ್ಮೇಲೆ 300 ರೂಪಾಯಿಯ ಸ್ಟ್ರಿಪ್ ಕಿಟ್ಟು, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕೋ 12 ವೋಲ್ಟಿನ ಗಾಳಿ ಪಂಪು ತಗೊಂಡೆ. ನಾನೇ ಹಾಕಿದ ಮೊದಲ ಸ್ಟ್ರಿಪ್ಪು ಪೂರ್ತಿ ಟೈರಿನ ಒಳಗೇ ಬಿದ್ದೋಯ್ತು, ಜೋರಾಗಿ ತಳ್ಳಿಬಿಟ್ಟಿದ್ದೆ, ಎರಡು ಬಾಲ ಅರ್ಧ ಇಂಚಾದ್ರೂ ಹೊರಗೆ ಇರ್ಬೇಕಿತ್ತು. ಎರಡನೇದು ಕೂತಿತು. ಹುಡುಗ ಹತ್ತು ನಿಮಿಷಕ್ಕೆ ಮುಗಿಸಿದ್ದು ನನಗೆ ಮುಕ್ಕಾಲು ಗಂಟೆ, ಸೂಜಿ ತಳ್ಳೋಕೆ ಮೈಭಾರ ಎಲ್ಲ ಹಾಕ್ಬೇಕು, ಅಂಗಿ ಒದ್ದೆ. ಮೊಳೆ ಕಂಡ ತಕ್ಷಣ ಕೀಳಬೇಡಿ, ಎಲ್ಲಾ ರೆಡಿ ಇಟ್ಕೊಂಡು ಕೀಳಿ, ಎಷ್ಟೋ ಸಲ ಆ ಮೊಳೆನೇ ಬಿರಡೆ ಥರ ಗಾಳಿ ಹಿಡಿದಿರುತ್ತೆ. ಆಗ ಕೀಳದೇನೇ ಗಾಳಿ ತುಂಬ್ಕೊಂಡು ನಿಧಾನಕ್ಕೆ ಅಂಗಡಿ ತನಕ ಹೋಗಬಹುದು. ಪಂಪಿನ ಸದ್ದಿಗೆ ಬೀದಿನಾಯಿಗಳೆಲ್ಲ ಎದ್ದು ನಿಲ್ತವೆ, ಆದ್ರೂ ಮೂರರಲ್ಲಿ ಯಾವುದು ಹಾಕಿಸಿದ್ರೂ ಪಂಪ್ ಒಂದು ಇಟ್ಕೊಳ್ಳಿ. ಬೆಳಿಗ್ಗೆ ಟೈರ್ ತಣ್ಣಗಿರೋವಾಗ ಡ್ರೈವರ್ ಬಾಗಿಲ ಹತ್ರ ಇರೋ ಸ್ಟಿಕ್ಕರ್ ನೋಡಿ ಅಷ್ಟೇ ಹಾಕಿ. ಬಂಕ್ ತನಕ ಓಡಿಸ್ಕೊಂಡು ಹೋಗೋಷ್ಟರಲ್ಲಿ ಟೈರ್ ಬಿಸಿಯಾಗಿ ಗೇಜು ಜಾಸ್ತಿ ತೋರಿಸುತ್ತೆ.

ಐದನೇದು ಟೈರಿನ ಪಕ್ಕದ ಗೋಡೆಗೆ, ಮುರಿದ ಕಬ್ಬಿಣದ ಪಟ್ಟಿ. ಅಲ್ಲಿಗೆ ಇದ್ಯಾವ್ದೂ ಆಗಲ್ಲ. ರಿಪೇರಿ ಏನಿದ್ರೂ ರಸ್ತೆಗೆ ತಾಗೋ ಭಾಗಕ್ಕೆ, ಅದೂ ತೂತು 6 ಮಿಲಿಮೀಟರ್ ಒಳಗಿದ್ರೆ. ಪಕ್ಕಕ್ಕೂ ಸ್ಟ್ರಿಪ್ ಹಾಕ್ತೀನಿ ಸಾರ್, ಏನೂ ಆಗಲ್ಲ ಅನ್ನೋರು ಸಿಗ್ತಾರೆ, ಬೇಡ. ಅವತ್ತು ಸ್ಟೆಪ್ನಿ ತೆಗೆದ್ರೆ ಅದರಲ್ಲಿ 12 ಪಿಎಸ್‌ಐ! ವರ್ಷದಿಂದ ಮುಟ್ಟಿರ್ಲಿಲ್ಲ. (ಸ್ಟೆಪ್ನಿ ಅನ್ನೋದು ವೇಲ್ಸಿನ ಲನೆಲ್ಲಿ ಊರಿನ ಒಂದು ಬೀದಿ ಹೆಸರು, 1904ರಲ್ಲಿ ಇಬ್ಬರು ಅಣ್ಣತಮ್ಮಂದಿರು ಅಲ್ಲಿ ಎಕ್ಸ್‌ಟ್ರಾ ಚಕ್ರ ಮಾಡೋಕೆ ಶುರುಮಾಡಿದ್ರಂತೆ, ನಾವಿನ್ನೂ ಆ ಬೀದಿ ಹೆಸರನ್ನ ಡಿಕ್ಕಿಲಿ ಹೊತ್ಕೊಂಡು ತಿರುಗ್ತಿದೀವಿ.) 2020ರಲ್ಲಿ ರೂಲ್ಸ್ ಬದಲಾಗಿ, ಪ್ರೆಶರ್ ಸೆನ್ಸರ್ರೂ ರಿಪೇರಿ ಕಿಟ್ಟೂ ಇರೋ ಗಾಡಿಗೆ ಸ್ಟೆಪ್ನಿ ಕೊಡಲೇಬೇಕು ಅಂತಿಲ್ಲ, ಹೊಸ ಗಾಡಿ ತಗೊಳ್ಳೋವಾಗ ಡಿಕ್ಕಿ ತೆಗೆಸಿ ನೋಡಿ.

ನನ್ನ ಲೆಕ್ಕ ಇಷ್ಟೇ, ದಾರೀಲಿ ಆದ್ರೆ ಸ್ಟ್ರಿಪ್, ಊರಿಗೆ ಬಂದ್ಮೇಲೆ ಅದೇ ವಾರ ಬಿಚ್ಚಿಸಿ ಮಶ್ರೂಮ್. ಟೈರು ಹೇಗೂ ಸವೆದಿದೆ, ಆರು ತಿಂಗಳಲ್ಲಿ ಬದಲಾಯಿಸ್ತೀನಿ ಅನ್ನೋರು ಸ್ಟ್ರಿಪ್ಪಲ್ಲೇ ಓಡಿಸಿ, ಮಶ್ರೂಮಿಗೆ 450 ಕೊಡೋದು ದಂಡ. ಮಿಕ್ಕಿದ ಅರ್ಧ ಬಾಟಲಿ ಜೆಲ್ ಬಾಮೈದನಿಗೇ ವಾಪಸ್ ಕೊಟ್ಟೆ, ಅವನು ಇನ್ನೂ ತನ್ನ ಗಾಡಿಗೆ ಹಾಕಿಲ್ಲ.