ಬುಕಾರೆಸ್ಟ್‌ನಿಂದ ಹೊರಡುವ ಮೂರು ದಾರಿಗಳು: ಒಂದು ದಿನದ ಖಾಸಗಿ ಪ್ರವಾಸಕ್ಕೆ ಯಾವುದು ವಾಸಿ?

ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ಕೆಲವು ದಿನ ಉಳಿಯುವವರಿಗೆ ಅಲ್ಲಿಯ ಪ್ರವಾಸ ಸಂಸ್ಥೆಗಳು ಹೇಳುವ ಮಾತು ಹೆಚ್ಚೂಕಡಿಮೆ ಒಂದೇ: ಬೆಳಿಗ್ಗೆ ಹೋಟೆಲಿನ ಬಾಗಿಲಿಗೆ ಕಾರು ಬರುತ್ತದೆ, ಚಾಲಕನೇ ಮಾರ್ಗದರ್ಶಿಯೂ ಆಗಿರುತ್ತಾನೆ, ದೇಶದ ಇತಿಹಾಸ, ದಂತಕಥೆ, ಊಟ, ವೈನ್ ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸಿ ರಾತ್ರಿಯ ಹೊತ್ತಿಗೆ ವಾಪಸು ಕರೆತರುತ್ತಾನೆ. ಹೀಗೆ ಹೊರಡುವ ದಾರಿಗಳಲ್ಲಿ ಮೂರು ಮುಖ್ಯವಾದವು. ಪ್ರಹೋವಾ ಕಣಿವೆಯನ್ನು ಹತ್ತಿ ಪೆಲೆಶ್, ಬ್ರಾನ್ ಮತ್ತು ಬ್ರಶೋವ್‌ಗಳಿಗೆ ಹೋಗುವುದು ಒಂದು. ತರ್ಗೋವಿಷ್ಟೆಯನ್ನು ಹಾದು ಆರ್ಜೆಶ್ ನದಿಯ ಗುಂಟ ಪೊಯೆನಾರಿ ಕೋಟೆಯವರೆಗೆ ಹೋಗುವುದು ಇನ್ನೊಂದು. ಸ್ನಾಗೋವ್ ದ್ವೀಪದ ಮಠವನ್ನು ನೋಡಿಕೊಂಡು ದ್ಯಾಲು ಮಾರೆಯ ದ್ರಾಕ್ಷಿ ಗುಡ್ಡಗಳಿಗೆ ಹೋಗುವುದು ಮತ್ತೊಂದು. ಈ ಮೂರೂ ದಾರಿಗಳಲ್ಲಿ ನಾನು ಮತ್ತು ನನ್ನ ಪತ್ನಿ ಖಾಸಗಿ ಕಾರು ಮಾಡಿಕೊಂಡೇ ಹೋಗಿ ಬಂದಿದ್ದೇವೆ. ಆಕೆ ಶುದ್ಧ ಸಸ್ಯಾಹಾರಿ, ನಾನು ಎಲ್ಲವನ್ನೂ ತಿನ್ನುವವನು. ಹಾಗಾಗಿ ಊಟದ ವಿಷಯದಲ್ಲಿ ಈ ಹೋಲಿಕೆ ಎರಡೂ ಬಗೆಯವರಿಗೆ ಉಪಯೋಗವಾದೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಖಾಸಗಿ ಕಾರಿಗೆ ಕೊಟ್ಟ ಹಣಕ್ಕೆ ಅತಿ ಕಡಿಮೆ ಫಲ ಸಿಕ್ಕಿದ್ದು ಅತಿ ಹೆಸರುವಾಸಿಯಾದ ದಾರಿಯಲ್ಲೇ.

ಆ ಹೆಸರುವಾಸಿ ದಾರಿ ಬ್ರಾನ್ ಕೋಟೆಯದು. ಎಲ್ಲ ಜಾಹೀರಾತುಗಳೂ ಇದನ್ನು ಡ್ರಾಕುಲಾನ ಕೋಟೆ ಎಂದೇ ಕರೆಯುತ್ತವೆ. 1897ರಲ್ಲಿ 'ಡ್ರಾಕುಲಾ' ಎಂಬ ರಕ್ತಪಿಪಾಸುವಿನ ಕಾದಂಬರಿಯನ್ನು ಪ್ರಕಟಿಸಿದ ಬ್ರಾಮ್ ಸ್ಟೋಕರ್ ರೊಮೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. ಅವನು ಹೆಸರನ್ನು ಎರವಲು ಪಡೆದ, ಈಗಿನ ರೊಮೇನಿಯಾದ ದಕ್ಷಿಣ ಭಾಗವಾದ ವಾಲಾಕಿಯಾದ ದೊರೆ ವ್ಲಾಡ್ ಟ್ಸೆಪೆಶ್ ಈ ಕೋಟೆಯಲ್ಲಿ ಆಳಿದವನೂ ಅಲ್ಲ. ಕೋಟೆಯ ನಿಜವಾದ ಚರಿತ್ರೆ ಬೇರೆಯೇ ಇದೆ, ಮತ್ತು ಅದು ಸ್ವಾರಸ್ಯವಾಗಿಯೇ ಇದೆ. 1377ರಲ್ಲಿ ಹಂಗೆರಿಯ ದೊರೆ ಒಂದನೆಯ ಲೂಯಿ, ಬ್ರಶೋವ್‌ನ ಜರ್ಮನ್ ಮೂಲದ ವರ್ತಕರಿಗೆ ತಮ್ಮದೇ ಖರ್ಚಿನಲ್ಲಿ ಇಲ್ಲೊಂದು ಕಲ್ಲಿನ ಕೋಟೆ ಕಟ್ಟಿಕೊಳ್ಳಲು ಅನುಮತಿ ಕೊಟ್ಟ. ಕಣಿವೆಯ ವ್ಯಾಪಾರದ ದಾರಿಯನ್ನು ಕಾಯುವುದು ಅದರ ಕೆಲಸವಾಗಿತ್ತು. 1920ರಲ್ಲಿ ಬ್ರಶೋವ್ ನಗರಸಭೆ ಅದನ್ನು ರೊಮೇನಿಯಾದ ರಾಣಿ ಮೇರಿಗೆ ಕಾಣಿಕೆಯಾಗಿ ನೀಡಿತು, ಆಕೆ ಅದನ್ನು ಬೇಸಿಗೆಯ ಮನೆಯಾಗಿ ಮಾರ್ಪಡಿಸಿಕೊಂಡಳು. ಇಂದು ಒಳಗೆ ಕಾಣುವ ಸಣ್ಣ ಕೋಣೆಗಳು, ಬಿಳಿ ಸುಣ್ಣದ ಗೋಡೆಗಳು, ಕೆತ್ತನೆಯ ಪೀಠೋಪಕರಣಗಳು, ಮೊದಲ ಮಹಡಿಯಿಂದ ಮೂರನೆಯದಕ್ಕೆ ಗೋಡೆಯೊಳಗಿನಿಂದಲೇ ಹತ್ತುವ ಗುಪ್ತ ಮೆಟ್ಟಿಲು ಇವೆಲ್ಲ ಆಕೆಯ ಕಾಲದ ಕಥೆ ಹೇಳುತ್ತವೆ. ಆದರೆ ಆ ಮೆಟ್ಟಿಲಿನಲ್ಲಿ ನಮ್ಮ ಮುಂದೆ ಒಂದು ಶಾಲೆಯ ಮಕ್ಕಳು, ಹಿಂದೆ ಒಂದು ಬಸ್ಸಿನ ತುಂಬ ಪ್ರವಾಸಿಗರು ಇದ್ದರು; ಎಲ್ಲಿಯೂ ನಿಂತು ನೋಡುವಂತಿರಲಿಲ್ಲ. ನಮ್ಮ ಮಾರ್ಗದರ್ಶಿ ತಿಳಿದವರೇ ಆಗಿದ್ದರೂ ಅವರ ವಿವರಣೆಯನ್ನೆಲ್ಲ ಕಾರಿನಲ್ಲೇ ಕೇಳಿ ಮುಗಿಸಬೇಕಾಯಿತು.

ಇದೇ ದಾರಿಯ ಪೆಲೆಶ್ ಅರಮನೆಯನ್ನು ಮಾತ್ರ ನಾನು ಯಾರಿಗೂ ಬಿಡಲು ಹೇಳುವುದಿಲ್ಲ. ಜರ್ಮನ್ ರಾಜಮನೆತನದಿಂದ ಬಂದು ರೊಮೇನಿಯಾದ ಮೊದಲ ದೊರೆಯಾದ ಒಂದನೆಯ ಕಾರೊಲ್ ಸಿನಾಯಾ ಊರಿನ ಮೇಲಿನ ಕಾಡಿನಲ್ಲಿ ಕಟ್ಟಿಸಿದ ಈ ಅರಮನೆ 1883ರಲ್ಲಿ ಉದ್ಘಾಟನೆಯಾಯಿತು. ಸುಮಾರು 160 ಕೋಣೆಗಳಿರುವ ಇದಕ್ಕೆ ಆಗಲೇ ತನ್ನದೇ ವಿದ್ಯುತ್ ಕೇಂದ್ರವಿತ್ತು. ಮುಖ್ಯ ಸಭಾಂಗಣದ ಗಾಜಿನ ಚಾವಣಿಯನ್ನು ಯಂತ್ರದಿಂದ ಸರಿಸಿ ಆಕಾಶಕ್ಕೆ ತೆರೆಯಬಹುದು. ಅಲ್ಲಿಂದ ಸ್ವಲ್ಪ ಮುಂದೆ ಅಜುಗಾದಲ್ಲಿ 1892ರಿಂದ ನಡೆದುಬಂದಿರುವ ನೆಲಮಾಳಿಗೆಯಲ್ಲಿ ನೊರೆ ವೈನ್ ತಯಾರಾಗುತ್ತದೆ. ಬಾಟಲಿಯೊಳಗೇ ಎರಡನೆಯ ಸಲ ಹುಳಿಬರಿಸುವ ಹಳೆಯ ಕ್ರಮ ಅಲ್ಲಿಯದು, ರಾಜಮನೆತನಕ್ಕೂ ಅಲ್ಲಿಂದಲೇ ವೈನ್ ಹೋಗುತ್ತಿತ್ತು. ಈ ದಾರಿಯಲ್ಲಿ ವೈನಿನ ಭಾಗವೆಂದರೆ ಇಷ್ಟೇ, ಆದರೆ ಇಷ್ಟೂ ಚೆನ್ನಾಗಿದೆ.

ತೊಂದರೆ ಇರುವುದು ದಾರಿಯಲ್ಲಿ. ಪ್ರಹೋವಾ ಕಣಿವೆಯ ರಸ್ತೆ ವಾರಾಂತ್ಯದಲ್ಲಿ, ಅದರಲ್ಲೂ ಕೊಮಾರ್ನಿಕ್ ಹತ್ತಿರ, ವಾಹನಗಳಿಂದ ಕಟ್ಟಿಕೊಂಡು ನಿಲ್ಲುತ್ತದೆ. ಖಾಸಗಿ ಕಾರಿದ್ದರೂ ಬಸ್ಸಿನ ಹಿಂದೆಯೇ ನಿಲ್ಲಬೇಕು. ಇತ್ತ ಬುಕಾರೆಸ್ಟ್‌ನಿಂದ ಸಿನಾಯಾಕ್ಕೂ ಬ್ರಶೋವ್‌ಗೂ ದಿನವಿಡೀ ರೈಲುಗಳಿವೆ, ಬ್ರಶೋವ್‌ನಿಂದ ಬ್ರಾನ್‌ಗೆ ಬಸ್ಸುಗಳಿವೆ. ಬ್ರಶೋವ್‌ನಲ್ಲಿ ಒಂದು ರಾತ್ರಿ ಉಳಿದು ಇದೆಲ್ಲವನ್ನೂ ನಿಧಾನವಾಗಿ ನೋಡುವುದೇ ಸರಿಯಾದ ಕ್ರಮ. ಒಂದೇ ದಿನದಲ್ಲಿ ತುರುಕಿದಾಗ 1689ರ ಬೆಂಕಿಯ ನಂತರ ಆ ಹೆಸರು ಪಡೆದ ಬ್ರಶೋವ್‌ನ ಕಪ್ಪು ಚರ್ಚಿನ ಒಳಗೆ ತೂಗುಹಾಕಿರುವ ಅನಟೋಲಿಯಾದ ರತ್ನಗಂಬಳಿಗಳನ್ನು ನೋಡಲು ನಮಗೆ ಉಳಿದದ್ದು ಕಾಲು ಗಂಟೆ ಮಾತ್ರ.

ಆರ್ಜೆಶ್ ದಾರಿಯ ಸ್ವಭಾವವೇ ಬೇರೆ. ಇಲ್ಲಿ ಜನಸಂದಣಿ ಕಡಿಮೆ, ದೂರ ಹೆಚ್ಚು, ರೈಲಿನಲ್ಲಿ ಹೋಗುತ್ತೇನೆ ಎನ್ನುವವರಿಗೆ ಒಂದೇ ದಿನದಲ್ಲಿ ಎಲ್ಲ ಸ್ಥಳಗಳನ್ನೂ ಮುಟ್ಟುವುದು ಆಗದ ಕೆಲಸ. ವ್ಲಾಡ್‌ನನ್ನು ನಿಜವಾಗಿ ಹುಡುಕುವವರು ಬರಬೇಕಾದದ್ದು ಇಲ್ಲಿಗೆ. ಬುಕಾರೆಸ್ಟ್‌ಗಿಂತ ಮೊದಲು ವಾಲಾಕಿಯಾದ ರಾಜಧಾನಿಯಾಗಿದ್ದ ತರ್ಗೋವಿಷ್ಟೆಯಲ್ಲಿ ಅರಮನೆಯ ಪಾಳುಗೋಡೆಗಳೂ 27 ಮೀಟರ್ ಎತ್ತರದ ಕಿಂದಿಯಾ ಗೋಪುರವೂ ಇವೆ. 1462ರ ಜೂನ್‌ನಲ್ಲಿ ಆಟೊಮನ್ ಸುಲ್ತಾನ ಎರಡನೆಯ ಮೆಹಮದನ ಶಿಬಿರದ ಮೇಲೆ ವ್ಲಾಡ್ ರಾತ್ರಿ ದಾಳಿ ನಡೆಸಿದ್ದು ಈ ಊರಿನ ಸುತ್ತಲಿನಲ್ಲಿ; ವ್ಲಾಡ್ ಶೂಲಕ್ಕೇರಿಸಿದ್ದ ಜನರ ಕಾಡನ್ನೇ ಸುಲ್ತಾನ ಕಂಡನೆಂದೂ ಅಲ್ಲಿ 20,000 ಜನರಿದ್ದರೆಂದೂ ಬರೆದವನು ಬೈಜಾಂಟಿಯಂನ ಚರಿತ್ರಕಾರ ಖಾಲ್ಕೊಕೊಂಡಿಲೆಸ್. ಇದೇ ಊರಿನ ಸೇನಾ ಠಾಣೆಯಲ್ಲಿ 1989ರ ಡಿಸೆಂಬರ್ 25ರಂದು ಕಮ್ಯುನಿಸ್ಟ್ ಸರ್ವಾಧಿಕಾರಿ ನಿಕೊಲಾಯ್ ಚೌಶೆಸ್ಕು ದಂಪತಿಯ ವಿಚಾರಣೆ ನಡೆದು, ಅಂದೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಐದು ಶತಮಾನಗಳ ಅಂತರದ ಎರಡು ಆಳ್ವಿಕೆಗಳನ್ನು ಒಂದೇ ಊರಿನಲ್ಲಿ ನೋಡಲು ಸಿಗುವ ಅವಕಾಶ ಬ್ರಾನ್ ದಾರಿಯಲ್ಲಿ ಇಲ್ಲ.

ಈ ದಾರಿಯಲ್ಲಿ ನಾವು ಅತಿ ಹೆಚ್ಚು ಹೊತ್ತು ಕಳೆದದ್ದು ಕುರ್ತ್ಯಾ ದೆ ಆರ್ಜೆಶ್ ಮಠದಲ್ಲಿ. ದೊರೆ ನ್ಯಾಗೊಯೆ ಬಸರಬ್ ಕಟ್ಟಿಸಿದ ಇದರ ಪ್ರತಿಷ್ಠಾಪನೆ 1517ರಲ್ಲಿ ನಡೆಯಿತು. ಈಗ ಕಾಣುವ ರೂಪ ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದ ನಂತರದ್ದು. ಮುಂಭಾಗದ ಎರಡು ಸಣ್ಣ ಗೋಪುರಗಳ ಕಿಟಕಿಗಳು ನೇರವಾಗಿರದೆ ಓರೆಯಾಗಿ ತಿರುಚಿಕೊಂಡು ಮೇಲೇರುತ್ತವೆ. ಒಂದು ಗೋಪುರದ ತಿರುವು ಎಡಕ್ಕೆ, ಇನ್ನೊಂದರದು ಬಲಕ್ಕೆ; ಸ್ವಲ್ಪ ಹೊತ್ತು ದಿಟ್ಟಿಸಿದರೆ ಎರಡೂ ಒಂದರ ಕಡೆಗೊಂದು ವಾಲುತ್ತಿರುವಂತೆ ಕಾಣುತ್ತದೆ. ಮಠಕ್ಕೆ ಅಂಟಿಕೊಂಡ ಲಾವಣಿ ಶಿಲ್ಪಿ ಮನೋಲೆಯದು. ಹಗಲು ಕಟ್ಟಿದ ಗೋಡೆ ರಾತ್ರಿ ಕುಸಿಯುತ್ತದೆ; ಮರುದಿನ ಬೆಳಿಗ್ಗೆ ಊಟ ಹೊತ್ತು ಮೊದಲು ಬರುವ ಹೆಂಡತಿಯನ್ನೋ ಸಹೋದರಿಯನ್ನೋ ಗೋಡೆಯೊಳಗೆ ಕಟ್ಟಬೇಕೆಂದು ಮನೋಲೆಗೆ ಕನಸಿನಲ್ಲಿ ತಿಳಿಯುತ್ತದೆ. ದೂರದಲ್ಲಿ ಬರುತ್ತಿರುವವಳು ತನ್ನ ಬಸುರಿ ಹೆಂಡತಿ ಆನಾ ಎಂದು ಕಂಡಾಗ ಅವನು ಮಳೆ ಬರಲಿ, ಗಾಳಿ ಬೀಸಲಿ, ಅವಳು ಹಿಂದಿರುಗಲಿ ಎಂದು ದೇವರನ್ನು ಬೇಡುತ್ತಾನೆ. ಮಳೆ ಬರುತ್ತದೆ, ಗಾಳಿಯೂ ಬೀಸುತ್ತದೆ, ಅವಳು ಮಾತ್ರ ಹಿಂದಿರುಗುವುದಿಲ್ಲ.

ಇದನ್ನು ಕೇಳುವ ಕನ್ನಡಿಗರಿಗೆ 'ಕೆರೆಗೆ ಹಾರ' ನೆನಪಾಗದೆ ಇರದು. ಕಟ್ಟಡಕ್ಕಾಗಿ ಹೆಣ್ಣನ್ನು ಬಲಿಕೊಡುವ ಇಂಥ ಹಾಡುಗಳು ಬಾಲ್ಕನ್ ನಾಡುಗಳಿಂದ ಭಾರತದವರೆಗೂ ಹಬ್ಬಿರುವುದನ್ನು ಜಾನಪದ ವಿದ್ವಾಂಸರು ಬಹುಕಾಲದಿಂದ ಗಮನಿಸುತ್ತಲೇ ಬಂದಿದ್ದಾರೆ. ಅಲ್ಲಿಯೇ ನಿಂತು ನಾವಿಬ್ಬರೂ ಚರ್ಚಿಸಿದ್ದು ಎರಡರ ವ್ಯತ್ಯಾಸವನ್ನು. ಮನೋಲೆಯ ಹೆಂಡತಿಯನ್ನು ಆರಿಸಿದ್ದು ವಿಧಿ, ಯಾರು ಮೊದಲು ಬಂದರೆ ಅವರು; ಭಾಗೀರಥಿಯನ್ನು ಆರಿಸಿದ್ದು ಮನೆಯ ಹಿರಿಯರು, ಲೆಕ್ಕ ಹಾಕಿ, ಕಿರಿಯ ಸೊಸೆಯೆಂದು. ಅಲ್ಲಿ ಗಂಡನೇ ಗೋಡೆ ಕಟ್ಟುತ್ತಾನೆ, ಇಲ್ಲಿ ಗಂಡ ಮಾದೇವರಾಯ ದಂಡಿನಲ್ಲಿದ್ದು ಎಲ್ಲ ಮುಗಿದ ಮೇಲೆ ಓಡಿಬಂದು ಅದೇ ಕೆರೆಗೆ ಹಾರುತ್ತಾನೆ. ನನ್ನ ಪತ್ನಿಯ ಪ್ರಕಾರ ನಮ್ಮ ಕಥೆಯೇ ಹೆಚ್ಚು ಕ್ರೂರ. ಮಾರ್ಗದರ್ಶಿಗೆ ಭಾಗೀರಥಿಯ ಕಥೆ ಹೇಳಿದಾಗ ಅವರು ರಸ್ತೆಯಾಚೆಗಿನ ಮನೋಲೆಯ ಕಾರಂಜಿಯ ಬಳಿಗೆ ನಮ್ಮನ್ನು ಕರೆದುಕೊಂಡು ಹೋದರು: ಇಂಥ ಇನ್ನೊಂದು ಕಟ್ಟಡ ಕಟ್ಟದಂತೆ ದೊರೆ ಏಣಿಗಳನ್ನು ತೆಗೆಸಿದಾಗ, ಮರದ ಹಲಗೆಗಳ ರೆಕ್ಕೆ ಕಟ್ಟಿಕೊಂಡು ಚಾವಣಿಯಿಂದ ಹಾರಿದ ಮನೋಲೆ ಬಿದ್ದ ಜಾಗದಲ್ಲಿ ನೀರು ಚಿಮ್ಮಿತೆಂದು ನಂಬಿಕೆ. ಹೀಗೆ ಮಾತಿಗೆ ಮಾತು ಬೆಳೆಯಲು ಅವಕಾಶ ಸಿಗುವುದು ಖಾಸಗಿ ಪ್ರವಾಸದಲ್ಲಿ ಮಾತ್ರ. ಬಸ್ಸಿನ ಮಾರ್ಗದರ್ಶಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಪೊಯೆನಾರಿ ವ್ಲಾಡ್‌ನ ಕೋಟೆ ಎನ್ನುವುದರಲ್ಲಿ ಅನುಮಾನವಿಲ್ಲ, ಆದರೆ 1,480 ಮೆಟ್ಟಿಲುಗಳನ್ನು ಹತ್ತಬೇಕು, ಮತ್ತು 1888ರ ಭೂಕುಸಿತದಲ್ಲಿ ಕೋಟೆಯ ಒಂದು ಭಾಗ ಕೆಳಗಿನ ನದಿಯ ಪಾಲಾಗಿದೆ. ನಾನೊಬ್ಬನೇ ಹತ್ತಿದೆ, ಮೇಲಿರುವುದು ಮುರಿದ ಗೋಡೆಗಳು ಮತ್ತು ವಿಶಾಲವಾದ ಕಣಿವೆ. ಮೊಣಕಾಲು ಗಟ್ಟಿಯಿಲ್ಲದವರು ತರ್ಗೋವಿಷ್ಟೆ ಮತ್ತು ಮಠಕ್ಕೇ ನಿಲ್ಲಿಸಿದರೆ ನಷ್ಟವೇನಿಲ್ಲ. ಕರಡಿಗಳ ಓಡಾಟದ ಕಾರಣಕ್ಕೆ ದಾರಿಯನ್ನು ಮುಚ್ಚುವುದೂ ಉಂಟು, ಮೊದಲೇ ವಿಚಾರಿಸಿಕೊಳ್ಳಬೇಕು. ವೈನಿನ ಮಟ್ಟಿಗೆ ಈ ದಾರಿ ಬಡವಾಗಿದೆ. ಪಿತೆಷ್ಟ್ ಬಳಿ ಷ್ಟೆಫನೆಷ್ಟಿಯ ಹಳೆಯ ದ್ರಾಕ್ಷಿ ತೋಟಗಳಿದ್ದರೂ ಹಿಂದಿರುಗುವಾಗ ಅಲ್ಲಿ ಇಳಿಯುವಷ್ಟು ಹೊತ್ತೂ ಶಕ್ತಿಯೂ ನಮ್ಮಲ್ಲಿ ಉಳಿದಿರಲಿಲ್ಲ.

ಮೂರನೆಯ ದಾರಿಯಲ್ಲಿ ಪ್ರಯಾಣ ಅತಿ ಕಡಿಮೆ. ಸ್ನಾಗೋವ್ ಬುಕಾರೆಸ್ಟ್‌ನಿಂದ ಸುಮಾರು 40 ಕಿಲೋಮೀಟರ್; ಸರೋವರದ ನಡುವಿನ ದ್ವೀಪಕ್ಕೆ ಈಗ ಕಾಲುಸೇತುವೆಯಿದೆ. ಮಠದ ಒಳಗೆ ಗರ್ಭಗುಡಿಯ ಮುಂದೆ ನೆಲಕ್ಕೆ ಸಮನಾಗಿ ಒಂದು ಸಾದಾ ಕಲ್ಲುಚಪ್ಪಡಿಯನ್ನು ಹಾಸಿದೆ, ಅದರ ಮೇಲೆ ವ್ಲಾಡ್‌ನ ಸಣ್ಣ ಚಿತ್ರವನ್ನಿಟ್ಟಿದ್ದಾರೆ. ಅವನ ಶಿರವಿಲ್ಲದ ದೇಹವನ್ನು ಇಲ್ಲಿ ಹೂಳಿದರೆಂದು ಪ್ರತೀತಿ. 1930ರ ದಶಕದ ಆರಂಭದಲ್ಲಿ ಪುರಾತತ್ತ್ವಜ್ಞ ದೀನು ರೊಸೆಟ್ಟಿ ಈ ಚಪ್ಪಡಿಯ ಕೆಳಗೆ ಅಗೆದಾಗ ಸಿಕ್ಕಿದ್ದು ಪ್ರಾಣಿಗಳ ಮೂಳೆಗಳು. ಹಾಗಿದ್ದೂ ಭಕ್ತರು ಅಲ್ಲಿ ಮೇಣದಬತ್ತಿ ಹಚ್ಚುವುದನ್ನು ನಿಲ್ಲಿಸಿಲ್ಲ. ಜಾಹೀರಾತಿನಲ್ಲಿ ಬಾರದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದಾಗಿ ಕಂಡಿತು: ಜಾರ್ಜಿಯಾದಲ್ಲಿ ಹುಟ್ಟಿದ ಅಂತಿಮ್ ಇವಿರ್ಯಾನುಲ್ ಎಂಬ ಸನ್ಯಾಸಿ ಇದೇ ದ್ವೀಪದಲ್ಲಿ ಮುದ್ರಣಾಲಯ ನಡೆಸಿ, 1701ರಲ್ಲಿ ಗ್ರೀಕ್ ಮತ್ತು ಅರಬ್ಬಿ ಭಾಷೆಗಳಲ್ಲಿ ಪ್ರಾರ್ಥನಾ ಗ್ರಂಥವನ್ನು ಅಚ್ಚುಹಾಕಿಸಿದ್ದ.

ಅಲ್ಲಿಂದ ಪ್ಲೊಯೆಷ್ಟ್ ದಾಟಿದರೆ ಉರ್ಲಾತ್ಸ್, ಚೆಪ್ತುರಾ ಹಳ್ಳಿಗಳ ಸುತ್ತ ದ್ಯಾಲು ಮಾರೆ ತೆರೆದುಕೊಳ್ಳುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳಿಗೆ ಬಿಸಿಲು ಧಾರಾಳ, ಬೆನ್ನಿಗೆ ಕಾರ್ಪಾಥಿಯನ್ ಬೆಟ್ಟಗಳ ಆಸರೆ. ಆದ್ದರಿಂದಲೇ ಇದು ಕೆಂಪು ವೈನಿನ ಸೀಮೆ. ಇಲ್ಲಿ ಕೇಳಿ ಕುಡಿಯಬೇಕಾದದ್ದು ದೇಶೀ ತಳಿಯಾದ ಫೆತ್ಯಾಸ್ಕ ನ್ಯಾಗ್ರ. ಬಣ್ಣ ಗಾಢ, ಒಣಗಿದ ಪ್ಲಮ್ ಹಣ್ಣಿನ ವಾಸನೆ, ನಾಲಿಗೆಗೆ ಒಗರು ಹದವಾಗಿ ತಾಗುತ್ತದೆ. ಸಿಹಿ ಬೇಕೆನ್ನುವವರಿಗೆ ಘಮಘಮಿಸುವ ಬಿಳಿ ತಮಯೋಆಸ ಇದೆ, ನನ್ನ ಪತ್ನಿ ಅದನ್ನೇ ಮೆಚ್ಚಿದಳು. ಕಮ್ಯುನಿಸ್ಟ್ ಆಡಳಿತದಲ್ಲಿ ಸರ್ಕಾರಿ ತೋಟಗಳು ಪ್ರಮಾಣಕ್ಕೆ ಗಮನ ಕೊಟ್ಟವು. 1989ರ ನಂತರ ಖಾಸಗಿ ನೆಲಮಾಳಿಗೆಗಳು ಗುಣಮಟ್ಟದ ಕಡೆಗೆ ತಿರುಗಿದ ಬಗೆಯನ್ನು ನಮಗೆ ವಿವರಿಸಿದವರು ವೈನ್ ಸುರಿಯುತ್ತಲೇ ವಿವರಿಸಿದರು. ಈ ನಾಡಿನ ಪ್ರಾಚೀನ ರಾಜ್ಯ ದಾಕಿಯಾದ ದೊರೆ ಬುರೆಬಿಸ್ತಾ ತನ್ನ ಜನ ಕುಡಿತ ಬಿಡಲೆಂದು ದ್ರಾಕ್ಷಿ ಬಳ್ಳಿಗಳನ್ನೇ ಕಡಿಸಿದನೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿರುವುದನ್ನು ಎರಡನೆಯ ಲೋಟದ ಹೊತ್ತಿಗೆ ನೆನಪಿಸುವುದು ಇಲ್ಲಿನವರ ರೂಢಿಯಿರಬೇಕು.

ಈ ದಾರಿಯಲ್ಲಿ ಖಾಸಗಿ ಕಾರು ಬರಿಯ ಸೌಕರ್ಯವಲ್ಲ, ಅಗತ್ಯ. ರೊಮೇನಿಯಾದಲ್ಲಿ ವಾಹನ ಚಲಾಯಿಸುವವರು ಒಂದು ತೊಟ್ಟೂ ಮದ್ಯ ಸೇವಿಸುವಂತಿಲ್ಲ. ಬಾಡಿಗೆ ಕಾರು ಪಡೆದು ಹೋದರೆ ಇಬ್ಬರಲ್ಲೊಬ್ಬರು ವಾಸನೆ ನೋಡಿ ತೃಪ್ತಿಪಡಬೇಕು. ಹಳ್ಳಿಯಿಂದ ಹಳ್ಳಿಗೆ ಬಸ್ಸು ಹಿಡಿದು ನೆಲಮಾಳಿಗೆ ಸುತ್ತುವುದು ಸಾಧ್ಯವಿಲ್ಲದ ಮಾತು. ಬಾಡಿಗೆ ತಲೆಗಿಷ್ಟು ಎಂದಲ್ಲದೆ ಕಾರಿಗಿಷ್ಟು ಎಂದು ಇದ್ದುದರಿಂದ, ನಾಲ್ವರು ಸೇರಿದರೆ ಇದು ದುಬಾರಿಯೂ ಅಲ್ಲ.

ಊಟದಲ್ಲಿ ಮೊದಲ ಸ್ಥಾನ ಮಾತ್ರ ಬ್ರಾನ್ ಸೀಮೆಗೇ ಸಲ್ಲಬೇಕು. ಕೋಟೆಯ ಬುಡದ ಅಂಗಡಿಗಳನ್ನು ಬಿಟ್ಟು ಮೊಯೆಚ್ಯು ಕಡೆಯ ಹಳ್ಳಿಯ ಮನೆಯೊಂದರಲ್ಲಿ ಕುಳಿತಾಗ ಮನೆಯೊಡತಿ ಮೆಕ್ಕೆಜೋಳದ ಹಿಟ್ಟಿನ ಮಮಲಿಗವನ್ನು ಕಡಾಯಿಯಿಂದ ಮರದ ಹಲಗೆಯ ಮೇಲೆ ಬೋರಲು ಹಾಕಿ, ಬಿಗಿಯಾಗಿ ಹಿಡಿದ ದಾರವನ್ನು ಅಡಿಯಿಂದ ಮೇಲಕ್ಕೆ ಎಳೆದು ಹೋಳು ಮಾಡಿದರು. ರಾಗಿಮುದ್ದೆಗಿಂತ ಸಡಿಲ, ಉಪ್ಪಿಟ್ಟಿಗಿಂತ ಗಟ್ಟಿ. ಜೊತೆಗೆ ಫರ್ ಮರದ ತೊಗಟೆಯಲ್ಲಿ ಸುತ್ತಿಟ್ಟ ಕುರಿಹಾಲಿನ ಚೀಸು ಮತ್ತು ಹುಳಿ ಕೆನೆ. ಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾಲೆ ನನ್ನ ತಟ್ಟೆಗೆ ಬಂತು. ಸಸ್ಯಾಹಾರಿಗಳಿಗೆ ಒಂದು ಸೂಚನೆ: ಯಾವ ದಾರಿಯಲ್ಲಾದರೂ 'ದೆ ಪೋಸ್ಟ್', ಅಂದರೆ ಉಪವಾಸದ ಅಡುಗೆ, ಇದೆಯೇ ಎಂದು ಕೇಳಬೇಕು. ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಡುವುದರಿಂದ ಅರೆದ ಹುರುಳಿಕಾಯಿ ಬೀಜದ ಪಲ್ಯ, ಬದನೆ ಮತ್ತು ಕೆಂಪು ಮೆಣಸಿನ ಝಕುಸ್ಕಾ, ಅಣಬೆಯ ಸಾರು ಸಿಗುತ್ತವೆ. ಕೆಲವು ಉಪವಾಸದ ದಿನಗಳಲ್ಲಿ ಮೀನಿಗೆ ಅನುಮತಿಯಿರುವುದರಿಂದ ಅದೊಂದನ್ನು ಬಿಡಿಸಿ ಕೇಳಿಕೊಳ್ಳಬೇಕು. ದ್ಯಾಲು ಮಾರೆಯ ನೆಲಮಾಳಿಗೆಯಲ್ಲಿ ವೈನ್ ಜೊತೆಗೆ ಇಟ್ಟ ಬ್ರೆಡ್ಡು, ಝಕುಸ್ಕಾ, ಚೀಸುಗಳೇ ನಮ್ಮಿಬ್ಬರ ಮಧ್ಯಾಹ್ನದ ಊಟವಾದವು. ಆರ್ಜೆಶ್ ದಾರಿಯ ಊಟ ನೆನಪಿನಲ್ಲಿ ಉಳಿಯುವಂಥದ್ದಾಗಿರಲಿಲ್ಲ.

ಹೀಗಾಗಿ ಕೈಯಲ್ಲಿ ಒಂದೇ ದಿನವಿರುವವರು ಸ್ನಾಗೋವ್ ಮತ್ತು ದ್ಯಾಲು ಮಾರೆಗೆ ಹೋಗಲಿ ಎನ್ನುತ್ತೇನೆ. ಕಥೆ ಮತ್ತು ಚರಿತ್ರೆಯೇ ಮುಖ್ಯ, ವೈನ್ ಇಲ್ಲದಿದ್ದರೂ ನಡೆದೀತು ಎನ್ನುವವರಿಗೆ ಆರ್ಜೆಶ್ ದಾರಿ. ಬ್ರಾನ್ ಮತ್ತು ಪೆಲೆಶ್‌ಗೆ ಕಾರಿನ ಹಣ ಉಳಿಸಿ ರೈಲು ಹತ್ತುವುದು ಮೇಲು, ಅದೂ ವಾರದ ನಡುವಿನ ದಿನಗಳಲ್ಲಿ. ಸೋಮವಾರ ಪೆಲೆಶ್ ಮುಚ್ಚಿರುತ್ತದೆ. ದ್ರಾಕ್ಷಿ ಕೊಯ್ಲನ್ನು ನೋಡಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಹೋಗಬೇಕು, ಆದರೆ ಆಗ ನೆಲಮಾಳಿಗೆಯವರು ಕೆಲಸದಲ್ಲಿ ಮುಳುಗಿರುವುದರಿಂದ ಕೆಲವು ದಿನ ಮುಂಚಿತವಾಗಿಯೇ ಬರೆದು ಹೊತ್ತು ಗೊತ್ತುಮಾಡಿಕೊಳ್ಳಬೇಕು. 2025ರ ಜನವರಿಯಿಂದ ರೊಮೇನಿಯಾ ಪೂರ್ಣವಾಗಿ ಷೆಂಗೆನ್ ವಲಯಕ್ಕೆ ಸೇರಿರುವುದರಿಂದ, ಯುರೋಪಿನ ಬೇರೆ ದೇಶಗಳಿಗೆಂದು ಆ ವೀಸಾ ಪಡೆದ ಭಾರತೀಯರು ಇದಕ್ಕಾಗಿ ಪ್ರತ್ಯೇಕ ಅರ್ಜಿ ಹಾಕುವ ಅಗತ್ಯವಿಲ್ಲ.